ಎಕ್ಸ್‌ಪ್ರೆಸ್‌ವೇ ವೇಗಮಿತಿ: ಒಂದು ಸ್ಪಷ್ಟನೆ

ಮುಂಬೈ-ಪುಣೆ ಕನ್ನಡಿಗರ ವಾಟ್ಸ್ಆ್ಯಪ್ ಬಳಗಗಳಲ್ಲಿ, ‘2018ರ ಕೇಂದ್ರದ ಆದೇಶದಂತೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳು 120 ಕಿ.ಮೀ. ವೇಗದಲ್ಲಿ ಹೋಗಬಹುದು, ಕರ್ನಾಟಕ ನೋಂದಣಿಯ ವಾಹನಕ್ಕಂತೂ ದಂಡವೇ ಬರುವುದಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. 2018ರಲ್ಲಿ ಅಂಥ ಆದೇಶ ಹೊರಟಿದ್ದು ನಿಜ, ಆದರೆ ಅದು ಹೇಳಿದ್ದು ಗರಿಷ್ಠ ಮಿತಿಯನ್ನಷ್ಟೆ. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ರಾಜ್ಯ ಸರ್ಕಾರ ಅದಕ್ಕಿಂತ ಕಡಿಮೆ ಮಿತಿ ವಿಧಿಸಬಹುದಾದ್ದರಿಂದ, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಮಿತಿ 100, ಅದೇ ದಾರಿಯ ಖಂಡಾಲಾ ಘಾಟಿನಲ್ಲಿ ಇನ್ನೂ ಕಡಿಮೆ.

ನೋಂದಣಿಯ ಮಾತು ಪೂರ್ತಿ ಸುಳ್ಳು: ವಾಹನಗಳ ವಿವರ ರಾಷ್ಟ್ರೀಯ ‘ವಾಹನ್’ ದತ್ತಾಂಶದಲ್ಲಿರುವುದರಿಂದ ಬೇರೆ ರಾಜ್ಯದ ವಾಹನಕ್ಕೂ ದಂಡ ಬರುತ್ತದೆ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ದಾಟಿದೊಡನೆ ಮತ್ತೆ ಓಡಿಸುವ ಜಾಣತನವೂ ನಡೆಯದು. ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನೂ ಅಳೆಯಲಾಗುತ್ತದೆ. ಲಘು ವಾಹನಕ್ಕೆ ಕಾಯ್ದೆಯ ದಂಡ 1,000ದಿಂದ 2,000 ರೂಪಾಯಿ.