ಕಡತದ ಮೇಲಿನ ತಾರೀಖು

2024ರ ಆಗಸ್ಟ್ 3ರಂದು ಬಿಜೆಪಿ ಮತ್ತು ಜೆಡಿಎಸ್ ನಾಯಕರು ಕೆಂಗೇರಿಯಿಂದ ಮೈಸೂರಿನತ್ತ ಪಾದಯಾತ್ರೆ ಹೊರಟರು. ಕೆಸರೆಯ 3 ಎಕರೆ 16 ಗುಂಟೆ ಜಮೀನಿಗೆ ಬದಲಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿಗೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) 14 ನಿವೇಶನಗಳನ್ನು, ಅದೂ ವಿಜಯನಗರದಂತಹ ಬೆಲೆಬಾಳುವ ಬಡಾವಣೆಯಲ್ಲಿ, ಹೇಗೆ ಕೊಟ್ಟಿತು ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಶ್ನೆಯೇನೋ ಕೇಳಲೇಬೇಕಾದದ್ದು. ಆದರೆ ಅರ್ಜಿ ಹೋಗಿ ಹಂಚಿಕೆ ನಡೆದ 2021-22ರ ಅವಧಿಯಲ್ಲಿ ರಾಜ್ಯವನ್ನು ಆಳುತ್ತಿದ್ದವರು ಇದೇ ಪಾದಯಾತ್ರಿಗಳ ಪೈಕಿ ಬಿಜೆಪಿಯವರು. ಈಗ ವಿರೋಧ ಪಕ್ಷದ ನಾಯಕರಾಗಿರುವ ಆರ್. ಅಶೋಕ ಅವರು ಆಗ ಕಂದಾಯ ಸಚಿವರು. ತಮ್ಮದೇ ಸರ್ಕಾರದ ಕಾಲದಲ್ಲಿ ನಡೆದ ಹಂಚಿಕೆಯನ್ನು ಖಂಡಿಸಲು ಎಂಟು ದಿನ ನಡೆಯುವ ಬದಲು, ಆಗಲೇ ಒಂದು ದಿನ ಕುಳಿತು ಕಡತ ಓದಿದ್ದರೆ ಎಲ್ಲರ ಪಾದಗಳೂ ಉಳಿಯುತ್ತಿದ್ದವು.

ಇದಕ್ಕೆ ಕಾಂಗ್ರೆಸ್ ಕೊಟ್ಟ ಉತ್ತರ ಇನ್ನೂ ಸೊಗಸಾಗಿತ್ತು. ಕೊಟ್ಟವರು ನೀವು, ತೆಗೆದುಕೊಂಡವರು ನಾವು, ಹೀಗಿರುವಾಗ ನಮ್ಮದೇನು ತಪ್ಪು ಎಂಬುದೇ ಅದರ ಒಟ್ಟು ತಾತ್ಪರ್ಯ. ಎದುರಾಳಿಯ ಕಾಲದ ತಾರೀಖನ್ನೇ ತನ್ನ ನಿರ್ದೋಷಿತ್ವದ ಪ್ರಮಾಣ ಪತ್ರವಾಗಿ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿಕೊಳ್ಳುವ ಸೌಭಾಗ್ಯ ಎಲ್ಲ ಆಡಳಿತ ಪಕ್ಷಗಳಿಗೂ ಸಿಗುವುದಿಲ್ಲ. ಅಂದು ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಬಿಜೆಪಿ ಮುಖಂಡರು ಲೋಕಸಭಾ ಚುನಾವಣೆಯ ಹೊತ್ತಿಗೆ ಕಾಂಗ್ರೆಸ್ಸನ್ನೇ ಸೇರಿದ್ದರಿಂದ, ಯಾರು ಯಾರನ್ನು ಬೊಟ್ಟು ಮಾಡಿ ತೋರಿಸಬೇಕು ಎಂಬ ವಿಷಯದಲ್ಲಿ ಎರಡೂ ಪಾಳೆಯಗಳಿಗೆ ಸ್ವಲ್ಪ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ.

ಬಿಜೆಪಿಯ ಭೂತಕಾಲ ಕಾಂಗ್ರೆಸ್ಸಿಗೆ ಇಷ್ಟು ಅನುಕೂಲವಾಗಿ ಒದಗಿದ್ದು ಆಕಸ್ಮಿಕವಲ್ಲ. 2021ರಲ್ಲಿ ಗುತ್ತಿಗೆದಾರರ ಸಂಘವು ಪ್ರಧಾನಿಗೆ ಪತ್ರ ಬರೆದು ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೇಳಲಾಗುತ್ತಿದೆ ಎಂದು ದೂರಿತ್ತು. ಮರುವರ್ಷ ಬೆಂಗಳೂರಿನ ಗೋಡೆಗಳ ಮೇಲೆ ಕ್ಯೂಆರ್ ಕೋಡ್ ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖವಿದ್ದ 'ಪೇಸಿಎಂ' ಪೋಸ್ಟರುಗಳು ಕಾಣಿಸಿಕೊಂಡವು. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಕೋವಿಡ್ ಕಾಲದ ಖರೀದಿಯಲ್ಲಿ ₹40,000 ಕೋಟಿ ಅವ್ಯವಹಾರವಾಗಿದೆ ಎಂದು 2023ರ ಕೊನೆಯಲ್ಲಿ ಆರೋಪಿಸಿದವರಂತೂ ಕಾಂಗ್ರೆಸ್ಸಿನವರಲ್ಲ, ಬಿಜೆಪಿಯದೇ ಶಾಸಕ ಬಸನಗೌಡ ಪಾಟೀಲ ಯತ್ನಾಳ. ಪಕ್ಷವು ಅವರನ್ನು 2025ರ ಮಾರ್ಚ್‌ನಲ್ಲಿ ಉಚ್ಚಾಟಿಸಿತು. ಆರೋಪವನ್ನು ಉಚ್ಚಾಟಿಸುವ ಅವಕಾಶ ಮಾತ್ರ ಪಕ್ಷದ ನಿಯಮಾವಳಿಯಲ್ಲಿ ಇದ್ದಂತಿಲ್ಲ.

ಕಾಂಗ್ರೆಸ್ ಈ ಸಂಪತ್ತನ್ನು ಬಹಳ ಜತನದಿಂದ ಕಾಪಾಡಿಕೊಂಡಿದೆ. ಕೋವಿಡ್ ಖರೀದಿಗೆ ನ್ಯಾಯಮೂರ್ತಿ ಮೈಕೆಲ್ ಕುನ್ಹಾ, ಕಮಿಷನ್ ಆರೋಪಕ್ಕೆ ನ್ಯಾಯಮೂರ್ತಿ ನಾಗಮೋಹನ ದಾಸ್, ಪಿಎಸ್‌ಐ ನೇಮಕಾತಿಗೆ ನ್ಯಾಯಮೂರ್ತಿ ವೀರಪ್ಪ ಎಂದು ಒಂದೊಂದು ಹಗರಣಕ್ಕೂ ಒಂದೊಂದು ಆಯೋಗ ನೇಮಕವಾಯಿತು. ಕಾಂಗ್ರೆಸ್ ಆಡಳಿತದಲ್ಲಿ ವಾಲ್ಮೀಕಿ ನಿಗಮದ ಖಾತೆಯಿಂದ ಕೋಟಿಗಟ್ಟಲೆ ಹಣ ಎಲ್ಲಿಗೆ ಹೋಯಿತು ಎಂದು ಸದನದಲ್ಲಿ ಯಾರಾದರೂ ಎದ್ದು ನಿಂತರೆ, ನಿಮ್ಮ ಕಾಲದಲ್ಲಿ ದೇವರಾಜ ಅರಸು ಟ್ರಕ್ ಟರ್ಮಿನಲ್‌ನಲ್ಲಿ ಏನಾಯಿತು ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಹಿಂದೆ ಒಬ್ಬನಿದ್ದ. ಈಗ ಸದನದ ಎರಡೂ ಬದಿಯವರು ಪರಸ್ಪರರ ಹೆಗಲನ್ನೇ ಮುಟ್ಟಿ ನೋಡುತ್ತಿದ್ದಾರೆ, ಕುಂಬಳಕಾಯಿ ಬೆಳೆದವನು ಗ್ಯಾಲರಿಯಲ್ಲಿ ಪಾಸ್ ಹಿಡಿದು ಕುಳಿತಿದ್ದಾನೆ.

ಕೆಲವೊಮ್ಮೆ ಹಳೆಯ ಕಡತ ತೆಗೆಯುವ ಶ್ರಮವೂ ಬೇಕಾಗುವುದಿಲ್ಲ. 2025ರ ಏಪ್ರಿಲ್ 7ರಂದು ಬಿಜೆಪಿ ಬೆಲೆ ಏರಿಕೆಯ ವಿರುದ್ಧ ಮೈಸೂರಿನಿಂದ ಜನಾಕ್ರೋಶ ಯಾತ್ರೆ ಆರಂಭಿಸಿತು. ಅದೇ ದಿನ ಕೇಂದ್ರದ ಬಿಜೆಪಿ ಸರ್ಕಾರ ಅಡುಗೆ ಅನಿಲದ ಸಿಲಿಂಡರ್ ಮೇಲೆ ₹50 ಏರಿಸಿತು. ಹಾಲಿನ ಬೆಲೆಯಲ್ಲಿ ₹4 ಏರಿದ್ದಕ್ಕೆ ಹುಟ್ಟಿದ್ದ ಆಕ್ರೋಶ ಒಲೆಯ ಹತ್ತಿರ ಬರುವಷ್ಟರಲ್ಲಿ ತಣ್ಣಗಾಗಬೇಕಾಯಿತು.

ಆದ್ದರಿಂದ ಒಂದು ಸಲಹೆ. ನಿವೇಶನ ಕೊಳ್ಳುವವರು ಉಪನೋಂದಣಾಧಿಕಾರಿ ಕಚೇರಿಯಿಂದ ಇ.ಸಿ. ತೆಗೆಸುವಂತೆ, ಭ್ರಷ್ಟಾಚಾರದ ಆರೋಪ ಮಾಡುವ ಪಕ್ಷವೂ ಆ ಕಡತದ ಋಣಭಾರ ಪತ್ರವನ್ನು ಮೊದಲು ತೆಗೆಸಬೇಕು. ಟಿಪ್ಪಣಿ ಬರೆದದ್ದು ಯಾರ ಕಾಲದಲ್ಲಿ, ಸಹಿ ಬಿದ್ದದ್ದು ಯಾರ ಕಾಲದಲ್ಲಿ, ಹಣ ಸಂದಾಯವಾದದ್ದು ಯಾರ ಕಾಲದಲ್ಲಿ ಎಂಬ ಮೂರು ಕಲಮುಗಳು ಅದರಲ್ಲಿದ್ದರೆ ಸಾಕು. ನಿಯಮ ಜಾರಿಗೆ ಬಂದರೆ ಪ್ರತಿಭಟನೆಗಳು ನಡೆಯುವ ಬೆಂಗಳೂರಿನ ಫ್ರೀಡಂ ಪಾರ್ಕ್ ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತದೆ ಎಂಬುದು ನಿಜ. ಆದರೆ ಇದನ್ನು ಮೊದಲು ವಿರೋಧಿಸುವವರು ಬಿಜೆಪಿಯವರಲ್ಲ, ಕಾಂಗ್ರೆಸ್ಸಿನವರೇ ಎಂದು ನನ್ನ ಅಂದಾಜು. 2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಬಳ್ಳಾರಿಗೆ ನಡೆದು 2013ರಲ್ಲಿ ವಿಧಾನಸೌಧ ತಲುಪಿದ ಅನುಭವ ಅವರಿಗಿದೆ; ಮುಂದೊಂದು ದಿನ ಮತ್ತೆ ನಡೆಯಬೇಕಾಗಿ ಬಂದಾಗ ದಾರಿಯುದ್ದಕ್ಕೂ ಸಿಗುವುದು ತಾವೇ ಸಹಿ ಹಾಕಿದ ಕಡತಗಳು ಎಂಬುದೂ ಅವರಿಗೆ ತಿಳಿದೇ ಇರುತ್ತದೆ.