ಮಾಲ್ಗುಡಿ ಡೇಸ್ ಸಂಗೀತ ಇಳಯರಾಜ ಅವರದ್ದಲ್ಲ

ಕಲಬುರಗಿಯ ನಮ್ಮ ಓಣಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಸಂಗೀತ ಕೊಟ್ಟಿದ್ದು ಇಳಯರಾಜ ಅಂತ. ನಿನ್ನೆ ನಾನೂ ಅದನ್ನು ಸುಮ್ನೆ ಮುಂದೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಸಂಗೀತ ಎಲ್. ವೈದ್ಯನಾಥನ್ ಅವರದ್ದು. ರಾತ್ರಿ ಒಂದು ಕಂತು ಹಾಕಿ ನೋಡಿದೆ. ‘ತಾನನ ತಾನ’ ಅನ್ನುವ ಆ ದನಿಯ ಧಾರಾವಾಹಿಯ ಟೈಟಲ್‌ನಲ್ಲಿ ಅವರ ಹೆಸರೇ ಇದೆ. ಪಿಟೀಲು ವಾದಕರಾದ ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ವೈದ್ಯನಾಥನ್ ಅವರ ತಮ್ಮಂದಿರು. 1987ರ ‘ಪುಷ್ಪಕ ವಿಮಾನ’ಕ್ಕೂ ಇವರದ್ದೇ ಸಂಗೀತ. ಮಾತೇ ಇಲ್ಲದ ಸಿನಿಮಾ ಅದು. ಅಲ್ಲಿ ಸಂಗೀತದ ಹೊಣೆ ಎಷ್ಟು ಜಾಸ್ತಿ, ಅಲ್ವಾ! 2007ರಲ್ಲಿ ಅವರು ತೀರಿಕೊಂಡರು.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದವರು ಅದೇ ಗುಂಪಿನಲ್ಲಿ ಸರಿಯಾದ ಹೆಸರು ಹಾಕಿ.