ಹೊಲದ ಮೂಲೆ ಯಾರದ್ದು?

ಮೈಸೂರು, ಮಂಡ್ಯದ ಸುತ್ತಮುತ್ತ ಅರ್ಧ ಎಕರೆ, ಒಂದು ಎಕರೆ ತಗೊಂಡು ‘ಸರಳ ಬದುಕು’ ಶುರು ಮಾಡುವವರು ಈಗ ಬಹಳ. ನಮ್ಮ ಕ್ರೈಸ್ತ ಸಭೆಗಳವರೂ ಅದರಲ್ಲಿದ್ದಾರೆ. ಮೊದಲ ಕೆಲಸ, ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯೋದು. ಎರಡನೆಯದು, ಗೇಟಿನ ಮೇಲೆ ‘ಯೆಹೋವನು ನನಗೆ ಕುರುಬನು’ ಅಂತ ಬರೆಸೋದು. ಆ ಗೇಟಿನೊಳಕ್ಕೆ ಕುರಿ ಮಂದೆ ಬಿಡಿಸಿ ಅಂದರೆ ಮಾತ್ರ ‘ಗಲೀಜಾಗುತ್ತೆ’ ಅನ್ನೋ ಉತ್ತರ ಬರುತ್ತೆ.

ಗೇಟಿನ ಆ ಸಾಲು ಇರೋ 23ನೇ ಕೀರ್ತನೆ ಮೇಲೆ ನನಗೇನೂ ಮುನಿಸಿಲ್ಲ. ಆದರೆ ನೆಲ ಇಟ್ಟುಕೊಂಡವರು ಗೋಡೆಗೆ ಹಾಕಿಕೊಳ್ಳಬೇಕಾದ ಅಧ್ಯಾಯ ಅದಲ್ಲ, ಬೈಬಲ್ಲಿನ ಯಾಜಕಕಾಂಡದ 19. ಅಲ್ಲಿರೋದು 37 ವಚನ. ‘ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು’ ಅನ್ನೋ ಮಾತನ್ನು ಯೇಸುಸ್ವಾಮಿ ಎತ್ತಿಕೊಂಡದ್ದು ಇಲ್ಲಿಂದಲೇ, 18ನೇ ವಚನದಿಂದ. ಅದರ ಅಕ್ಕಪಕ್ಕ ಏನಿದೆ ಅಂತ ನೋಡಿ: ಕೊಯ್ಲು, ಕೂಲಿ, ಬಿತ್ತನೆ, ಹಣ್ಣಿನ ಗಿಡ, ತಕ್ಕಡಿ. ನೆರೆಯವನನ್ನು ಪ್ರೀತಿಸೋದು ಅಂದರೆ ಮನಸ್ಸಿನ ಸಂಗತಿ ಅಂತ ನಾವು ಭಾನುವಾರ ಕೇಳಿಸಿಕೊಂಡು ಬರ್ತೀವಿ. ಅದನ್ನು ಬರೆದವರು ಮಾತ್ರ ಗದ್ದೆ ಬದುವಿನ ಮೇಲೆ ನಿಂತು ಬರೆದಂತಿದೆ.

ಮೊದಲು ಕೊಯ್ಲು ನೋಡೋಣ. 9, 10ನೇ ವಚನ ಹೇಳೋದು ಇಷ್ಟು: ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬೇಡ, ಹಕ್ಕಲು ಆಯಬೇಡ, ಅದು ಬಡವರಿಗೆ, ಪರದೇಶಿಗಳಿಗೆ. ಹಕ್ಕಲು ಅನ್ನೋ ಪದಕ್ಕೆ ನಮ್ಮ ಕಡೆ ಅರ್ಥ ಹೇಳಬೇಕಾಗಿಲ್ಲ. ಕಟಾವಾದ ಮೇಲೆ ಕೂಳೆ ನಡುವೆ ಉಳಿದ ತೆನೆ ಆಯೋದಕ್ಕೆ ಮಡಿಲು ಕಟ್ಟಿಕೊಂಡು ಹೋಗುತ್ತಿದ್ದ ಹೆಂಗಸರನ್ನು ಕಂಡವರು ಇನ್ನೂ ಇದ್ದಾರೆ. ಕಣದಲ್ಲಿ ಕೊಡುತ್ತಿದ್ದ ಆಯ ಬೇರೆ. ಅದು ಅಗಸರಿಗೆ, ಕ್ಷೌರಿಕರಿಗೆ, ಕಮ್ಮಾರರಿಗೆ ವರ್ಷವಿಡೀ ಮಾಡಿದ ಕೆಲಸಕ್ಕೆ ಸಲ್ಲುವ ಕೂಲಿ. ಹಕ್ಕಲಿಗೆ ಯಾವ ಕೆಲಸದ ಲೆಕ್ಕವೂ ಇಲ್ಲ. ಹಸಿದವರು ಬಂದು ಆಯ್ದುಕೊಳ್ಳಬಹುದು, ಅಷ್ಟೆ.

ಈಗ ಕಟಾವಿನ ಯಂತ್ರ ಬಂದಿದೆ. ಚೈನ್ ಮಿಷನ್ನೋ ಟೈರ್ ಮಿಷನ್ನೋ ಗದ್ದೆಗೆ ಇಳಿಯೋ ಮುಂಚೆ ನಾವೇ ಕುಡುಗೋಲು ಹಿಡಿದು ನಾಲ್ಕು ಮೂಲೆ ಬಿಡಿಸಿ ಕೊಡಬೇಕು, ಇಲ್ಲದಿದ್ದರೆ ತಿರುಗಿಸೋಕೆ ಜಾಗ ಸಾಲದೆ ಪೈರು ಚೈನಿನ ಕೆಳಗೆ ತುಳಿದುಹೋಗುತ್ತೆ. ಬಿಡಿಸಿದ ಪೈರನ್ನು ಏನು ಮಾಡ್ತೀವಿ? ಮಿಷನ್ ಬಾಯಿಗೇ ಕೊಡ್ತೀವಿ. ಬೇಡ ಅಂದ ಮೂಲೆಯನ್ನೇ ಎಲ್ಲಕ್ಕಿಂತ ಮೊದಲು, ಅದೂ ಕೈಯಾರೆ ಕೊಯ್ದು ಒಳಗೆ ಹಾಕಿಕೊಳ್ತೀವಿ ಅಂದ ಹಾಗಾಯ್ತು!

ಲೆಕ್ಕ ಹಾಕಿ. ಒಂದು ಎಕರೆ 43,560 ಚದರ ಅಡಿ. ಮೂಲೆಗೆ 10 ಅಡಿ ಉದ್ದ, 10 ಅಡಿ ಅಗಲ ಬಿಟ್ಟರೆ ನಾಲ್ಕು ಮೂಲೆಗೆ 400 ಚದರ ಅಡಿ, ಅರ್ಧ ಗುಂಟೆಗೂ ಕಮ್ಮಿ. ಎಕರೆಗೆ 25 ಕ್ವಿಂಟಾಲ್ ಬರೋ ಗದ್ದೆಯಾದರೆ ಸುಮಾರು 23 ಕೆ.ಜಿ. ಭತ್ತ. ಯೆಹೂದ್ಯ ಪಂಡಿತರು ಕಮ್ಮಿ ಅಂದರೂ 60ರಲ್ಲಿ 1 ಪಾಲು ಬಿಡಲೇಬೇಕು ಅಂತ ಮಿತಿ ಹಾಕಿದ್ದರು. ಆ ಲೆಕ್ಕಕ್ಕೆ ಮೂಲೆಗೆ ಹದಿಮೂರೂವರೆ ಅಡಿ ಚೌಕ ಬಿಡಬೇಕಾಗುತ್ತೆ, ಸುಮಾರು 42 ಕೆ.ಜಿ. ಭತ್ತ ಹೋಗುತ್ತೆ. ಗೊಬ್ಬರದಂಗಡಿಯಲ್ಲಿ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ತರೋ ಎರಡು ಬಾಟಲಿ ಔಷಧಿಗಿಂತ ಇದೇನೂ ದುಬಾರಿ ಬಾಬತ್ತಲ್ಲ.

ಬಿಡೋದಕ್ಕೂ ಒಂದು ಕ್ರಮ ಬೇಕು. ಮೂಲೆಯ ಪೈರನ್ನು ನಿಂತ ಹಾಗೇ ಬಿಟ್ಟರೆ ಕಷ್ಟ. ಸುತ್ತಲ ಗದ್ದೆ ಬರಿದಾದ ಮೇಲೆ ಇಲಿ, ಹಂದಿ, ಗಿಳಿ ಎಲ್ಲಾ ಆ ಮೂಲೆಗೇ ಬೀಳ್ತವೆ. ಒಣಗಿ ಉದುರಿದ ಭತ್ತ ಮುಂದಿನ ಬೆಳೆಯಲ್ಲಿ ಬೆರಕೆಯಾಗಿ ಮೊಳೆಯುತ್ತೆ; ಬೀಜಕ್ಕೆ ಅಂತ ಬೆಳೆಯೋರಿಗೆ ಅದು ದೊಡ್ಡ ತಲೆನೋವು. ಹಾಗಾಗಿ ಕೊಯ್ದು ಸಿವುಡು ಕಟ್ಟಿ, ಬದುವಿನ ಮೇಲೆ ತೆನೆ ಮೇಲಾಗಿ ನಿಲ್ಲಿಸಿ. ಬೇಕಾದವರಿಗೆ ಮೊದಲೇ ಗೊತ್ತಿರಲಿ. ಮಿಷನ್ ಹೋದ ಮೇಲೆ ಎರಡು ದಿನ ರೋಟವೇಟರ್ ಇಳಿಸಬೇಡಿ, ಕೂಳೆಗೆ ಬೆಂಕಿಯಂತೂ ಬೇಡವೇ ಬೇಡ. ಮಿಷನ್ ಹಿಂಬದಿಯಿಂದ ಹುಲ್ಲಿನ ಜೊತೆ ಬೀಳೋ ಕಾಳು ಕಮ್ಮಿಯೇನಲ್ಲ, ಅದರಲ್ಲೂ ಬೆಳಗಿನ ಇಬ್ಬನಿ ಆರೋ ಮುಂಚೆ ಓಡಿಸಿದರೆ ಹುಲ್ಲು ಒದ್ದೆಯಾಗಿ ಕಾಳು ಸರಿಯಾಗಿ ಬೇರೆಯಾಗೋದಿಲ್ಲ. ರಾಗಿಗೆ ಇದು ಉಲ್ಟಾ. ಕುಡುಗೋಲಲ್ಲಿ ಕೊಯ್ಯೋದಾದರೆ ಇಬ್ಬನಿ ಇರುವಾಗಲೇ ಕೊಯ್ಯಬೇಕು, ಬಿಸಿಲೇರಿದರೆ ತೆನೆ ಮುರಿದು ಬೀಳುತ್ತೆ.

ಬೈಬಲ್ಲಿನ ರೂತಳ ಪುಸ್ತಕದ ಎರಡನೇ ಅಧ್ಯಾಯದಲ್ಲಿ, ಪರದೇಶದ ವಿಧವೆ ರೂತಳು ಹಕ್ಕಲು ಆಯೋಕೆ ಬಂದಾಗ ಹೊಲದ ಯಜಮಾನ ಬೋವಜ ಇದನ್ನೆಲ್ಲ ಮಾಡಿದ. ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನೆ ಎಳೆದು ಬಿಡಿ ಅಂದ, ಅವಳನ್ನು ಗದರಿಸಬೇಡಿ ಅಂದ, ಆಳುಗಳು ಸೇದಿಟ್ಟ ನೀರನ್ನೇ ಕುಡಿಯೋಕೆ ಹೇಳಿದ. ಅವಳು ಸಂಜೆಗೆ ಬಡಿದು ತೆಗೆದ ಜವೆಗೋಧಿ ಒಂದು ಏಫಾ, ಅಂದರೆ ಹೆಚ್ಚೂ ಕಮ್ಮಿ 22 ಲೀಟರ್. ಗಮನಿಸಬೇಕಾದ್ದು, ಬೋವಜ ಅವಳ ಕೈಗೆ ಮೂಟೆ ಕೊಟ್ಟು ಎಲ್ಲರೆದುರು ನಿಲ್ಲಿಸಲಿಲ್ಲ. ಬಿಟ್ಟ, ಅವಳು ಆಯ್ದುಕೊಂಡಳು. ಅಕ್ಕಿ ಚೀಲಕ್ಕೆ ನಾಲ್ಕು ಕೈ ಹಿಡಿದು ಫೋಟೋ ಹಾಕುವ ನಮ್ಮ ಸಭೆಯ ಸಂಘಗಳು ಈ ವ್ಯತ್ಯಾಸ ನೋಡಬೇಕು.

‘ರೇಷನ್ ಅಕ್ಕಿ ಬರುತ್ತೆ, ಈಗ ಹಕ್ಕಲಿಗೆ ಯಾರು ಬರ್ತಾರೆ?’ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಭತ್ತಕ್ಕೆ ಬರೋರು ಕಮ್ಮಿಯಾಗಿದ್ದಾರೆ, ನಿಜ. ಆದರೆ ಹಕ್ಕಲು ಗದ್ದೆಯಿಂದ ಬದುವಿಗೆ ಬಂದಿದೆ. ಭೂಮಿ ಇಲ್ಲದ ಮನೆಯವರು ಒಂದು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕ್ತಾರೆ. ಅದಕ್ಕೆ ದಿನಕ್ಕೆ 25ರಿಂದ 30 ಕೆ.ಜಿ. ಹಸಿಮೇವು ಬೇಕು. ಅಷ್ಟು ಮೇವು ಎಲ್ಲಿಂದ ಬರುತ್ತೆ? ನಾಲೆ ಏರಿ, ನಿಮ್ಮ ಬದು, ಕಬ್ಬು ಕಡಿದ ದಿನದ ಸೋಗೆ. ಅಡುಗೆಮನೆಗೂ ಅದೇ ಬದು. ಹೊನಗೊನ್ನೆ, ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲೆ ಎಲ್ಲಾ ಸೇರಿಸಿ ಬೆರಕೆ ಸೊಪ್ಪು ಅಂತ ಕಿತ್ತು ತಂದರೆ ಅವತ್ತಿನ ಬಸ್ಸಾರಿಗೆ ಅಂಗಡಿ ಮುಖ ನೋಡಬೇಕಾಗಿಲ್ಲ.

ಆ ಬದುವಿಗೆ ಈಗ ನಾವು ಕಳೆನಾಶಕ ಹೊಡೀತೀವಿ. ಮೂಲೆಯನ್ನೂ ಬಿಡದೆ ಕೊಯ್ಯೋದು ಅನ್ನೋದಕ್ಕೆ ಇವತ್ತಿನ ಅರ್ಥ ಇದೇ ಅಂತ ನನ್ನ ಅಭಿಪ್ರಾಯ. ಕೊಯ್ಯೋರಿಗೆ ಒಂದು ದಿನದ ಕೂಲಿ ಉಳಿಯುತ್ತೆ ಅಂತ ಹೊಡೆಯೋದು. ಆಮೇಲೆ ಹುಲ್ಲಿನ ಬೇರು ಸತ್ತು ಮಣ್ಣಿನ ಹಿಡಿತ ಬಿಡುತ್ತೆ, ಏಡಿ ಬಿಲ ತೋಡಿದ ಕಡೆ ನೀರು ಜಿನುಗುತ್ತೆ, ನಾಲೆ ನೀರು ಕಟ್ಟಿದ ದಿನ ಬದು ಕುಸಿದು ಪಕ್ಕದವರ ಗದ್ದೆಗೆ ಬೀಳುತ್ತೆ. ಬದು ಕಟ್ಟೋಕೆ ಎರಡು ಆಳು, ಜೊತೆಗೆ ಪಕ್ಕದವರ ಬೈಗುಳ. ಅದರ ಬದಲು, ‘ನಮ್ಮ ಬದುವಿನ ಹುಲ್ಲು ನೀನೇ ಕುಯ್ಕೊಳ್ಳವ್ವ’ ಅಂತ ಒಬ್ಬರಿಗೆ ಬಿಟ್ಟುಕೊಟ್ಟರೆ ಹದಿನೈದು ದಿನಕ್ಕೊಮ್ಮೆ ಬದು ತಾನೇ ಚೊಕ್ಕಟ. ಹೊಡೆಯಲೇಬೇಕಾದ ಕಡೆ ಹೊಡೆದರೆ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ ನೆಡಿ, ಬಾಯಲ್ಲೂ ಹೇಳಿ. ಹೊಡೆದ ದಿನ ಸೊಪ್ಪು ನೋಡೋಕೆ ಹಸಿರಾಗೇ ಇರುತ್ತೆ, ಬಾಡೋಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಅದು ಯಾರದೋ ಮನೆಯ ಸಾರಿಗೆ ಬಿದ್ದಿರುತ್ತೆ.

ಕೂಲಿ ವಿಚಾರ 13ನೇ ವಚನದಲ್ಲಿದೆ: ಕೂಲಿಯವನ ಕೂಲಿ ಮಾರನೆಯ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು. ಬೈಬಲ್ಲಿನದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡ ಇನ್ನೂ ಬಿಗಿ, ಹೊತ್ತು ಮುಳುಗೋದರೊಳಗೆ ಕೊಡು ಅನ್ನುತ್ತೆ. ಮಂಡ್ಯದವರಿಗೆ ಬಾಕಿಯ ನೋವು ಹೇಳಿಕೊಡಬೇಕೇ? ಕಬ್ಬು ಸಾಗಿಸಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಕಟ್ಟಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ 14 ದಿನ 14 ವಾರ ಆದರೆ ರಸ್ತೆಗೆ ಇಳಿಯೋರು ನಾವು. ಅದೇ ನಾವು ಕಳೆ ಕಿತ್ತವರಿಗೆ ‘ಸೋಮವಾರ ಕೊಡ್ತೀನಿ ಬಾ’ ಅಂತೀವಿ. ಅವರಿಗೆ ಸಂತೆ ಶನಿವಾರ ಇರುತ್ತೆ, ಸ್ತ್ರೀಶಕ್ತಿ ಸಂಘದ ಕಂತು ಭಾನುವಾರ ಇರುತ್ತೆ. ಕೆಲಸಕ್ಕೆ ಕರೆಯೋ ಹಿಂದಿನ ದಿನವೇ ಚಿಲ್ಲರೆ ತಂದಿಟ್ಟುಕೊಳ್ಳಿ. ಆರು ಜನಕ್ಕೆ ಒಬ್ಬ ಮೇಸ್ತ್ರಿಯ ಫೋನ್‌ಗೆ ದುಡ್ಡು ಹಾಕಿ ಕೈ ತೊಳೆದುಕೊಂಡರೆ ಅವರ ಕೈಗೆ ಯಾವಾಗ ಸೇರುತ್ತೋ, ಎಷ್ಟು ಸೇರುತ್ತೋ ನಿಮಗೆ ಗೊತ್ತಾಗಲ್ಲ.

ತಕ್ಕಡಿ, ಅಳತೆಯಲ್ಲಿ ಮೋಸ ಬೇಡ ಅಂತ 35, 36ನೇ ವಚನ. ನಮ್ಮ ಸೀಮೆಯಲ್ಲಿ ಇದರ ಪರೀಕ್ಷೆ ಆಲೆಮನೆಯಲ್ಲಿ. 100 ಕೆ.ಜಿ. ಕಬ್ಬಿಗೆ 10 ಕೆ.ಜಿ. ಆಸುಪಾಸು ಬೆಲ್ಲ. ಕಬ್ಬು ಕಡಿದ ದಿನವೇ ಅರೆದರೆ ಪಾಕ ಚೆನ್ನಾಗಿ ಕೂರುತ್ತೆ. ಎರಡು ದಿನ ಬಿಸಿಲಲ್ಲಿ ಬಿದ್ದಿದ್ದ ಕಬ್ಬಿನ ಸಕ್ಕರೆ ಅಂಶ ಒಡೆದು ಬೆಲ್ಲ ಅಂಟಂಟಾಗುತ್ತೆ, ಅಚ್ಚಿನಲ್ಲಿ ನಿಲ್ಲೋದಿಲ್ಲ. ಆಗ ಕೈ ಹೋಗೋದು ಸಕ್ಕರೆ ಮೂಟೆಗೆ. ಬಣ್ಣ ಕಪ್ಪಾದರೆ ಹೈಡ್ರೋಸ್ ಅನ್ನೋ ಬಣ್ಣ ತಿಳಿಮಾಡೋ ರಾಸಾಯನಿಕ ಪುಡಿಗೆ. ಹೊನ್ನಿನ ಬಣ್ಣದ ಅಚ್ಚಿಗೆ ಮಂಡಿಯಲ್ಲಿ ರೇಟು ಹೆಚ್ಚು, ಆದರೆ ಹೈಡ್ರೋಸ್ ಬಣ್ಣ ಇಟ್ಟಷ್ಟು ದಿನ ಮಂಕಾಗುತ್ತಾ ಹೋಗುತ್ತೆ. ಕೊಪ್ಪರಿಗೆಯ ಮಡ್ಡಿ ತೆಗೆಯೋಕೆ ಬೆಂಡೆ ಗಿಡ ಜಜ್ಜಿ ನೆನೆಸಿದ ಲೋಳೆ ಸಾಕು, ಹುಳಿ ಮುರಿಯೋಕೆ ಒಂಚೂರು ತಿಳಿಸುಣ್ಣ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪು. ಕೊನೆ ಹದ ನೋಡೋಕೆ ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು ಉಂಡೆ ಕಟ್ಟುತ್ತಾ ನೋಡಬೇಕು. ಇಷ್ಟೆಲ್ಲಾ ಸರಿ ಮಾಡಿದರೂ ಬೆಲ್ಲ ಕಂದು ಬಣ್ಣಕ್ಕೇ ಬರುತ್ತೆ, ಕಿಲೋಗೆ ಒಂದಿಷ್ಟು ಕಮ್ಮಿಯೇ ಸಿಗುತ್ತೆ. ಹಾಗಾಗಿ ದೂರನ್ನು ಬರೀ ಆಲೆಮನೆಯವರ ಮೇಲೆ ಹೊರಿಸೋಕಾಗಲ್ಲ. ಕ್ರಿಸ್ಮಸ್‌ಗೆ ಕಜ್ಜಾಯ, ರೋಸ್‌ಕುಕ್ ಮಾಡುವ ಮನೆಯವರು ಅಂಗಡಿಯಲ್ಲಿ ಬೆಳ್ಳಗಿರೋದನ್ನೇ ಆರಿಸೋದನ್ನು ಬಿಡಬೇಕು.

ಈ ಅಧ್ಯಾಯದಲ್ಲಿ ನನಗೆ ಒಪ್ಪಿಗೆಯಾಗದ ವಚನವೂ ಇದೆ. 19ನೆಯದು, ಹೊಲದಲ್ಲಿ ಎರಡು ಬಗೆ ಬೀಜ ಕೂಡಿಸಿ ಬಿತ್ತಬೇಡ ಅನ್ನುತ್ತೆ. ನಮ್ಮ ರಾಗಿ ಹೊಲ ಅಂದರೇನೇ ಅಕ್ಕಡಿ ಸಾಲು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಂಚಿಗೆ ಹುಚ್ಚೆಳ್ಳು, ಸಾಸಿವೆ, ನಾಲ್ಕು ಹರಳು ಗಿಡ. ಅವರೆ ಬೇರಿನಿಂದ ನೆಲಕ್ಕೆ ಸಾರಜನಕ ಬರುತ್ತೆ, ಮಳೆ ಕೈಕೊಟ್ಟು ರಾಗಿ ಹೋದರೂ ಒಂದಾದರೂ ಕೈಗೆ ಸಿಗುತ್ತೆ. ಇನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾ ರಾಗಿಯನ್ನು ಕೂಡಿಸಿಯೇ ಇಂಡಾಫ್ ತಳಿಗಳನ್ನು ಕೊಟ್ಟದ್ದು. ಎಷ್ಟೋ ಮನೆಗಳ ಹಗೇವು ತುಂಬಿಸಿದ್ದು ಆ ಕೂಡಿಕೆ. ಆ ನಿಯಮ ಇಸ್ರಾಯೇಲ್ಯರನ್ನು ಬೇರೆಯಾಗಿ ನಿಲ್ಲಿಸೋಕೆ ಇದ್ದ ಗುರುತು, ನಮ್ಮ ಮೇಲೆ ಹೊರೆಯಲ್ಲ ಅಂತ ಬಹುತೇಕ ಬೋಧಕರು ವಿವರಿಸ್ತಾರೆ, ನಾನೂ ಅದನ್ನೇ ನಂಬ್ತೀನಿ. ಹಾಗಾದರೆ ಹಕ್ಕಲಿನ ನಿಯಮವನ್ನೂ ಬಿಡಬಹುದಲ್ಲ ಅಂದರೆ, ಬಿಡೋಕಾಗಲ್ಲ. ಅದಕ್ಕೆ ಕಾರಣ ಬಡವರು, ಬಡವರು ಇನ್ನೂ ಇದ್ದಾರೆ.

ಮಾವು ನೆಟ್ಟವರಿಗೆ 23ರಿಂದ 25ನೇ ವಚನ. ಮೂರು ವರ್ಷ ಹಣ್ಣು ಮುಟ್ಟಬೇಡ, ನಾಲ್ಕನೇ ವರ್ಷದ್ದು ದೇವರಿಗೆ, ಐದನೆಯದು ನಿನಗೆ. ತೋಟಗಾರಿಕೆಯವರೂ ಇದನ್ನೇ ಹೇಳೋದು. ಕಸಿ ಗಿಡ ಎರಡನೇ ವರ್ಷಕ್ಕೇ ಹೂ ಬಿಡುತ್ತೆ, ಆಸೆಗೆ ಬಿದ್ದು ಕಾಯಿ ಕಟ್ಟೋಕೆ ಬಿಟ್ಟರೆ ಕಾಂಡ ದಪ್ಪವಾಗದೆ ರೆಂಬೆ ಬಾಗಿ ಗಿಡ ಕುಳ್ಳಾಗಿಯೇ ಉಳಿಯುತ್ತೆ. ಹೂಗೊಂಚಲು ಬೆರಳುದ್ದ ಇರುವಾಗಲೇ ಚಿವುಟಿ ಹಾಕಿ. ನಾಲ್ಕನೇ ವರ್ಷದ ಹಣ್ಣನ್ನು ಹರಾಜಿಗಿಡೋಕೆ ಚರ್ಚಿನ ಸುಗ್ಗಿ ಹಬ್ಬದ ತನಕ ಕಾಯಬೇಕಿಲ್ಲ, ಮಾವು ಅಷ್ಟು ದಿನ ಇರೋದೂ ಇಲ್ಲ. ಮೈಸೂರು ಜಿಲ್ಲೆಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಜೂನ್ 13ಕ್ಕೆ, ಹಣ್ಣಿನ ಕಾಲ ಮುಗಿಯೋ ಹೊತ್ತಿಗೆ. ಅಲ್ಲಿನ ಪ್ರತಿಮೆ ಹೊಲ ಉಳುವಾಗ ನೇಗಿಲಿಗೆ ಸಿಕ್ಕಿದ್ದು ಅನ್ನೋ ಪ್ರತೀತಿ ಇದೆ. ಬಡವರಿಗೆ ರೊಟ್ಟಿ ಹಂಚೋದು ಆ ಸಂತರ ಹೆಸರಿನ ಹಳೆಯ ಹರಕೆ. ರೊಟ್ಟಿ ಬದಲು ಒಂದು ಮಂಕರಿ ಮಾವು ಕೊಟ್ಟರೆ ಸಂತರು ಬೇಡ ಅನ್ನಲಾರರು.

ಇನ್ನು ಭಾನುವಾರ. ಹಸು ಇರೋ ಮನೆಗೆ ಸಬ್ಬತ್ತು, ಅಂದರೆ ವಿಶ್ರಾಂತಿಯ ದಿನ, ಎಲ್ಲಿ ಅಂತ ನಗಬೇಡಿ. ಡೇರಿ ಭಾನುವಾರವೂ ತೆರೆದಿರುತ್ತೆ, ಹಾಲು ಕರೆಯಲೇಬೇಕು. ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತನ್ನು ಯಾರು ತಾನೇ ಎತ್ತದೆ ಬಿಡ್ತಾರೆ ಅಂತ ಯೇಸುಸ್ವಾಮಿಯೇ ಕೇಳಿದ್ದಾರೆ. ಮೇವನ್ನು ಮಾತ್ರ ಶನಿವಾರವೇ ಎರಡು ದಿನಕ್ಕೆ ಕೊಯ್ದಿಡಬಹುದು, ಒಂದು ಹಸುವಿಗೆ 50ರಿಂದ 60 ಕೆ.ಜಿ. ಬೇಕು. ಆದರೆ ಗುಡ್ಡೆ ಹಾಕಿ ಟಾರ್ಪಲ್ ಮುಚ್ಚಿದರೆ ಬೆಳಗಾಗೋದರೊಳಗೆ ಒಳಗೆಲ್ಲ ಬಿಸಿಯೇರಿ, ಹುಳಿ ವಾಸನೆ ಬಂದು, ಹಸು ಮೂಸಿ ಬಿಟ್ಟುಬಿಡುತ್ತೆ. ಕೊಟ್ಟಿಗೆಯ ನೆರಳಲ್ಲಿ ಅರ್ಧ ಅಡಿಗಿಂತ ದಪ್ಪವಾಗದ ಹಾಗೆ ಹರಡಿ, ರಾತ್ರಿ ಮಲಗೋ ಮುಂಚೆ ಒಂದು ಸಲ ಮಗುಚಿ. ಬೆಳಿಗ್ಗೆ ಅದಕ್ಕೆ ಒಣಹುಲ್ಲು ಬೆರೆಸಿ ಹಾಕಿದರೆ ಎಂಟು ಗಂಟೆಯ ಆರಾಧನೆಗೆ ಹೊತ್ತಿಗೆ ಸರಿಯಾಗಿ ಹೋಗಬಹುದು. ಬದುವಿನ ಹುಲ್ಲು ಕುಯ್ಯೋ ಆಕೆಗೂ ಶನಿವಾರವೇ ಬಾ ಅಂತ ಹೇಳಿರಿ.